ಚದರಕ್ಕೆ ಎರಡು ಲಕ್ಷ ಅಂದರೆ ಎಷ್ಟು? ಮನೆ ಕಟ್ಟುವಾಗ ಜಗಳ ಹುಟ್ಟುವುದೆಲ್ಲಿ, ಮುಗಿಯುವುದು ಹೇಗೆ

ಗೃಹಪ್ರವೇಶ ಮುಗಿದ ಒಂಬತ್ತನೇ ದಿನ ಕಾಂಟ್ರ್ಯಾಕ್ಟರ್ ಫೈನಲ್ ಬಿಲ್ ತಂದರು. ಬಾಗಿಲಿನ ಮಾವಿನ ತೋರಣ ಒಣಗಿತ್ತು, ಇನ್ನೂ ಬಿಚ್ಚಿರಲಿಲ್ಲ. ಶಿವಮೊಗ್ಗದಲ್ಲಿ ನಮ್ಮ ಚಿಕ್ಕಪ್ಪ ಕಟ್ಟಿಸಿದ ಮನೆ ಅದು. ಅವರು ರಿಟೈರಾದ ಹೈಸ್ಕೂಲ್ ಮೇಷ್ಟ್ರು. 30-40 ಸೈಟು, ಕೆಳಗೊಂದು ಮನೆ, ಮೇಲೊಂದು ಮನೆ. ಮಾತಾಗಿದ್ದು ಚದರಕ್ಕೆ ಎರಡು ಲಕ್ಷ, ಮೆಟೀರಿಯಲ್ ಸಮೇತ. ಬಿಲ್ಲಿನಲ್ಲಿ 17.8 ಚದರ ಎಂದು ಬರೆದಿತ್ತು. ಚಿಕ್ಕಪ್ಪನ ನೋಟ್‌ಬುಕ್ಕಿನಲ್ಲಿ 14.8.

"ಮೂರು ಚದರ ಎಲ್ಲಿಂದ ಬಂತು?" ಎಂದರು ಚಿಕ್ಕಪ್ಪ.

"ಪೋರ್ಟಿಕೋ, ಬಾಲ್ಕನಿ, ಮೇಲಿನ ಹೆಡ್‌ರೂಮ್ ಇದೆಯಲ್ಲ ಮೇಷ್ಟ್ರೇ."

"ಗಾಳಿ ಆಡೋ ಜಾಗಕ್ಕೂ ಚದರದ ಲೆಕ್ಕ ಹಾಕ್ತೀರಾ?"

"ಅಲ್ಲೂ ಸೆಂಟ್ರಿಂಗ್ ಹೊಡೆದಿದ್ದೀನಿ, ಕಂಬಿ ಕಟ್ಟಿದ್ದೀನಿ, ಮೋಲ್ಡ್ ಹಾಕಿದ್ದೀನಿ. ಸ್ಲ್ಯಾಬು ಗಾಳಿ ಮೇಲೆ ನಿಂತಿದೆಯಾ ಮೇಷ್ಟ್ರೇ?"

ಹತ್ತು ನಿಮಿಷದ ಹಿಂದೆ ಒಟ್ಟಿಗೆ ಕೂತು ಕಾಫಿ ಕುಡಿದವರು. ಆಮೇಲೆ ನಾಲ್ಕು ತಿಂಗಳು ಒಬ್ಬರ ಫೋನ್ ಇನ್ನೊಬ್ಬರು ಎತ್ತಲಿಲ್ಲ.

ಆ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡೋಣ. ಒಂದು ಚದರ ಎಂದರೆ 100 ಚದರಡಿ. ಕೆಳಮನೆಯ ಗೋಡೆಯೊಳಗಿನ ಜಾಗ 680 ಚದರಡಿ, ಮೇಲ್ಮನೆ 800. ಸೇರಿದರೆ 14.8 ಚದರ. ಪೋರ್ಟಿಕೋ 120, ಬಾಲ್ಕನಿ 60, ಮೆಟ್ಟಿಲ ಮೇಲಿನ ಹೆಡ್‌ರೂಮ್ 120. ಈ ಮೂರೂ ಸೇರಿ 300 ಚದರಡಿ, ಅಂದರೆ ಮೂರು ಚದರ. ಪೂರ್ತಿ ಲೆಕ್ಕ ಹಾಕಿದರೆ ಮನೆಯ ಬೆಲೆ 35 ಲಕ್ಷದ 60 ಸಾವಿರ. ಬಿಟ್ಟರೆ 29 ಲಕ್ಷದ 60 ಸಾವಿರ. ಅರ್ಧ ಹಿಡಿದರೆ 32 ಲಕ್ಷದ 60 ಸಾವಿರ. ಮನೆ ಒಂದೇ, ರೇಟೂ ಒಂದೇ. ಬೆಲೆ ಮಾತ್ರ ಮೂರು.

ಇಲ್ಲಿ ಯಾರು ಯಾರಿಗೆ ಮೋಸ ಮಾಡಿದರು? ಯಾರೂ ಇಲ್ಲ. ನನಗೆ ಇದು ಅರ್ಥವಾಗಲು ಸಮಯ ಬೇಕಾಯಿತು. ಕಾಂಟ್ರ್ಯಾಕ್ಟರ್ ಮನಸ್ಸಿನಲ್ಲಿ ಚದರ ಅಂದರೆ ಸ್ಲ್ಯಾಬ್ ಏರಿಯಾ. ಚಿಕ್ಕಪ್ಪನ ಮನಸ್ಸಿನಲ್ಲಿ ಚದರ ಅಂದರೆ ಮಲಗಿ ಏಳುವ ಜಾಗ. ಇಬ್ಬರೂ ಒಂದೇ ಪದ ಆಡಿದ್ದರು, ನಂಬಿಕೆಯಿಂದ ಕೈ ಕುಲುಕಿದ್ದರು. ಆಮೇಲೆ ಇಂಥ ಹಲವು ಜಗಳಗಳನ್ನು ಹತ್ತಿರದಿಂದ ನೋಡಿದ್ದೇನೆ. ಬೇಕಂತಲೇ ಮೋಸ ಮಾಡುವವರು ಇದ್ದೇ ಇದ್ದಾರೆ. ಆದರೆ ನಾನು ಕಂಡ ಜಗಳಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಇಬ್ಬರೂ ಚೆನ್ನಾಗಿದ್ದ ದಿನವೇ. ಮಾತು ಚೆನ್ನಾಗಿತ್ತು, ಹಾಗಾಗಿ ಬರೆದುಕೊಳ್ಳಲಿಲ್ಲ.

ರೇಟಿನೊಳಗೆ ಏನಿದೆ, ಏನಿಲ್ಲ

ಚದರದ ರೇಟು ಕೇಳಲು ಸುಲಭ. ಅಕ್ಕಪಕ್ಕದವರ ಜೊತೆ ಹೋಲಿಸಲೂ ಸುಲಭ. ಆದರೆ ಆ ಒಂದು ಸಂಖ್ಯೆಯೊಳಗೆ ಏನೇನು ಅಡಗಿದೆ ಎಂದು ಕೇಳುವವರು ಕಡಿಮೆ. ನೀರಿನ ಸಂಪು ಸೇರಿದೆಯಾ? ಕಾಂಪೌಂಡ್ ಗೋಡೆ? ಗೇಟು? ತಾರಸಿಯ ಪ್ಯಾರಾಪೆಟ್? ಓವರ್‌ಹೆಡ್ ಟ್ಯಾಂಕಿನ ಕಟ್ಟೆ? ಕಿಟಕಿಯ ಗ್ರಿಲ್ಲು? ಟೈಲ್ಸ್ ಚದರಡಿಗೆ ಎಷ್ಟು ರೂಪಾಯಿಯದು? ಮುಂಬಾಗಿಲು ತೇಗವಾ, ಹೊನ್ನೆಯಾ, ಬೇರೆ ಯಾವುದಾದರೂ ಕಾಡುಮರವಾ? ಕಟ್ಟುವಾಗಿನ ಕರೆಂಟು, ನೀರಿನ ಟ್ಯಾಂಕರ್ ಯಾರ ಲೆಕ್ಕ?

ಕಡಿಮೆ ರೇಟು ಹೇಳಿದ ಕಾಂಟ್ರ್ಯಾಕ್ಟರ್ ಇವನ್ನೆಲ್ಲ ಹೊರಗಿಟ್ಟಿರಬಹುದು. ಜಾಸ್ತಿ ಹೇಳಿದವರು ಸೇರಿಸಿರಬಹುದು. ನಾವು ನೋಡುವುದು ಸಂಖ್ಯೆ ಮಾತ್ರ. ಕೊನೆಗೆ ಬಿಲ್ಲಿನಲ್ಲಿ "ಎಕ್ಸ್‌ಟ್ರಾ" ಎನ್ನುವ ತಲೆಬರಹದ ಕೆಳಗೆ ಇವೆಲ್ಲ ಸಾಲಾಗಿ ಬಂದು ನಿಲ್ಲುತ್ತವೆ.

ಪಾಯದ ಕಥೆ ಇನ್ನೂ ಬೇರೆ. ಚಿಕ್ಕಪ್ಪನ ಸೈಟು ಒಂದು ಕಾಲದ ಗದ್ದೆ. ಮಣ್ಣು ತುಂಬಿ ಲೇಔಟ್ ಮಾಡಿದ್ದರು. ನಾಲ್ಕಡಿ ಅಗೆದರೆ ಗಟ್ಟಿ ನೆಲ ಸಿಗುತ್ತದೆ ಅಂದುಕೊಂಡಿದ್ದರು. ಸಿಕ್ಕಿದ್ದು ಏಳಡಿಯಲ್ಲಿ. ಮೂರಡಿ ಜಾಸ್ತಿ ಅಗೆತ, ಜಾಸ್ತಿ ಕಾಂಕ್ರೀಟು, ಜಾಸ್ತಿ ಕಂಬಿ. ನೆಲದೊಳಗೆ ಏನಿದೆ ಎಂದು ಕಾಂಟ್ರ್ಯಾಕ್ಟರಿಗೂ ಗೊತ್ತಿರಲಿಲ್ಲ, ಚಿಕ್ಕಪ್ಪನಿಗೂ ಗೊತ್ತಿರಲಿಲ್ಲ. ಹಾಗಾದರೆ ಆ ಖರ್ಚು ಯಾರದ್ದು? ದೊಡ್ಡ ಸೇತುವೆ, ರಸ್ತೆಗಳ ಕಾಂಟ್ರ್ಯಾಕ್ಟಿನಲ್ಲೂ ಜಗಳದ ದೊಡ್ಡ ಮೂಲ ಇದೇ. ನೆಲ ತೆರೆದಾಗ ಬಂಡೆ ಸಿಗುತ್ತದೆ, ನೀರು ಉಕ್ಕುತ್ತದೆ, ಇಲ್ಲವೇ ಎರೆ ಮಣ್ಣು ಸಿಗುತ್ತದೆ. ಬಳ್ಳಾರಿ, ಗದಗ, ವಿಜಯಪುರದ ಕಡೆ ಮನೆ ಕಟ್ಟಿಸಿದವರಿಗೆ ಎರೆ ನೆಲದ ಸ್ವಭಾವ ಹೇಳಿಕೊಡಬೇಕಿಲ್ಲ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಗೋಡೆ ಬಿರುಕು ಬಿಡುತ್ತದೆ. ಕಟ್ಟುವ ಮೊದಲೇ ಮಣ್ಣು ಪರೀಕ್ಷೆ ಮಾಡಿಸಿದರೆ ಈ ಜಗಳದ ಬೇರು ಅರ್ಧ ಒಣಗುತ್ತದೆ. ಉಳಿದರ್ಧಕ್ಕೆ ಅಗ್ರಿಮೆಂಟಿನಲ್ಲಿ ಒಂದು ಸಾಲು ಸಾಕು: "ಇಷ್ಟು ಅಡಿಯವರೆಗೆ ರೇಟಿನೊಳಗೆ, ಅದಕ್ಕಿಂತ ಆಳ ಹೋದರೆ ಅಡಿಗೆ ಇಷ್ಟು."

ದುಡ್ಡು ಮುಂದೆ, ಕೆಲಸ ಹಿಂದೆ

ಕೆಲಸ ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಯಾವಾಗ ಗೊತ್ತಾ? ಮೋಲ್ಡ್, ಅಂದರೆ ತಾರಸಿಯ ಕಾಂಕ್ರೀಟು, ಆದ ಮೇಲೆ. ಇದಕ್ಕೆ ಕಾರಣ ಕಾಂಟ್ರ್ಯಾಕ್ಟರ್ ಕೆಟ್ಟವರು ಅಂತಲ್ಲ. ಕಂತುಗಳನ್ನು ಜೋಡಿಸಿದ ರೀತಿಯೇ ಹಾಗಿರುತ್ತದೆ.

ಅಡ್ವಾನ್ಸ್ ಒಂದಿಷ್ಟು, ಪಾಯಕ್ಕೆ ಒಂದಿಷ್ಟು, ಲಿಂಟಲ್ಲಿಗೆ, ಮೋಲ್ಡಿಗೆ ಅಂತ ಕೊಡುತ್ತಾ ಹೋಗುತ್ತೇವೆ. ಮೋಲ್ಡ್ ಬೀಳುವ ಹೊತ್ತಿಗೆ ನೂರಕ್ಕೆ ಎಪ್ಪತ್ತು ಭಾಗ ದುಡ್ಡು ಕೈಬಿಟ್ಟಿರುತ್ತದೆ. ಮನೆ ಎದ್ದು ನಿಂತಿದ್ದು ಕಣ್ಣಿಗೆ ಕಾಣುತ್ತದಲ್ಲ, ಕೆಲಸ ಮುಗಿಯುತ್ತಾ ಬಂತು ಅನ್ನಿಸುತ್ತದೆ. ಆದರೆ ಪ್ಲಾಸ್ಟರಿಂಗ್, ವೈರಿಂಗ್, ಪ್ಲಂಬಿಂಗ್, ಟೈಲ್ಸ್, ಮರದ ಕೆಲಸ, ಪೇಂಟು ಎಲ್ಲ ಬಾಕಿ ಇದೆ. ಇವೇ ದುಡ್ಡು ತಿನ್ನುವ ಕೆಲಸಗಳು. ಉಳಿದ ಮೂವತ್ತು ಭಾಗದಲ್ಲಿ ಇವು ಮುಗಿಯುವುದಿಲ್ಲ. ಈ ನಡುವೆ ಕಾಂಟ್ರ್ಯಾಕ್ಟರ್ ನಮ್ಮ ದುಡ್ಡಿನಲ್ಲಿ ಇನ್ನೊಬ್ಬರ ಪಾಯ ಎತ್ತಿಸಿರುತ್ತಾರೆ. ಅವರ ದುಡ್ಡು ಬರುವುದು ತಡವಾದರೆ ನಮ್ಮ ಮನೆ ನಿಲ್ಲುತ್ತದೆ. ಆಗ ಶುರುವಾಗುವ ಮಾತು ಒಂದೇ: "ಸ್ವಲ್ಪ ಅಡ್ವಾನ್ಸ್ ಕೊಡಿ ಸರ್, ನಾಳೆಯಿಂದಲೇ ಹುಡುಗರನ್ನು ಬಿಡ್ತೀನಿ."

ಕಂತುಗಳನ್ನು ಆದ ಕೆಲಸದ ಬೆಲೆಗೆ ಹೊಂದಿಸಬೇಕು. ಮೋಲ್ಡಿನ ಹೊತ್ತಿಗೆ ಕೊಟ್ಟಿದ್ದು ಅರ್ಧದ ಆಸುಪಾಸಿನಲ್ಲಿ ಇದ್ದರೆ ಇಬ್ಬರಿಗೂ ಕೆಲಸ ಮುಗಿಸುವ ಆಸೆ ಉಳಿದಿರುತ್ತದೆ. ಕೊನೆಯ ಐದು ಭಾಗವನ್ನು ಒಂದು ಮಳೆಗಾಲ ಕಳೆಯುವವರೆಗೆ ಹಿಡಿದಿಡುವುದೂ ಒಳ್ಳೆಯದು. ಸರ್ಕಾರಿ ಕಾಮಗಾರಿಗಳಲ್ಲೂ ಹೀಗೆ ಒಂದು ಭಾಗ ತಡೆಹಿಡಿಯುತ್ತಾರೆ.

ಬೆಲೆ ಏರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. 2021-22ರಲ್ಲಿ ಕಂಬಿ ಬೆಲೆ ಏರಿದ್ದು ಮನೆ ಕಟ್ಟಿಸಿದವರಿಗೆಲ್ಲ ನೆನಪಿರುತ್ತದೆ. ಹಳೇ ರೇಟಿಗೆ ಒಪ್ಪಿಕೊಂಡ ಎಷ್ಟೋ ಮೇಸ್ತ್ರಿಗಳು ಕೈಯಿಂದ ಹಾಕಿ ಕಟ್ಟಿದರು. ಕೆಲವರು ಬಿಟ್ಟು ಹೋದರು. ಕಂಬಿ, ಸಿಮೆಂಟಿನ ಇವತ್ತಿನ ಬೆಲೆ ಬರೆದು, ಅದಕ್ಕಿಂತ ಇಷ್ಟು ಜಾಸ್ತಿಯಾದರೆ ವ್ಯತ್ಯಾಸವನ್ನು ಹೀಗೆ ಹಂಚಿಕೊಳ್ಳೋಣ ಎಂದು ಸೇರಿಸಿದ್ದರೆ ಯಾರೂ ಓಡಿಹೋಗಬೇಕಿರಲಿಲ್ಲ.

ಮುಚ್ಚಿಹೋಗುವ ಕೆಲಸ

ಗುಣಮಟ್ಟದ ಜಗಳದಲ್ಲಿ ಒಂದು ಕಷ್ಟ ಇದೆ. ಜಗಳ ಬರುವ ಹೊತ್ತಿಗೆ ಸಾಕ್ಷಿ ಮುಚ್ಚಿಹೋಗಿರುತ್ತದೆ. ಕಂಬಿ ಕಾಂಕ್ರೀಟಿನೊಳಗೆ, ಪೈಪು ಗೋಡೆಯೊಳಗೆ, ಪಾಯ ಮಣ್ಣಿನೊಳಗೆ. ಹಾಗಾಗಿ ಮುಚ್ಚುವ ಮೊದಲು ನೋಡಬೇಕು, ಫೋಟೋ ತೆಗೆದಿಡಬೇಕು.

ಕಂಬಿ ನೋಡುವುದು ಕಷ್ಟವೇನಲ್ಲ. ಕಂಬಿಯ ದಪ್ಪವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು ಅದನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿ. ಒಂದು ಮೀಟರಿಗೆ ಎಷ್ಟು ಕೆಜಿ ಎಂದು ಸಿಗುತ್ತದೆ. 12 ಎಂಎಂ ಕಂಬಿಗೆ 144 ಭಾಗಿಸು 162, ಅಂದರೆ ಸುಮಾರು 0.89 ಕೆಜಿ. 12 ಮೀಟರಿನ ಒಂದು ಪೂರ್ತಿ ಕಂಬಿ ಹತ್ತೂವರೆ ಕೆಜಿಗಿಂತ ಸ್ವಲ್ಪ ಜಾಸ್ತಿ ತೂಗಬೇಕು. ಸ್ವಲ್ಪ ಆಚೀಚೆ ಇರುತ್ತದೆ. ಆದರೆ 9 ಕೆಜಿಗೆ ಇಳಿದರೆ ಸುಮ್ನೆ ಇರಬೇಡಿ, ಕೇಳಿ.

ಮೋಲ್ಡ್ ದಿನ ಕಾಂಕ್ರೀಟಿನಿಂದ 15 ಸೆಂಟಿಮೀಟರಿನ ಕ್ಯೂಬುಗಳನ್ನು ಹಾಕಿಸಿ, 28 ದಿನದ ನಂತರ ಲ್ಯಾಬಿನಲ್ಲಿ ಒಡೆಸಿದರೆ ಬಲ ಎಷ್ಟಿದೆ ಎಂದು ಗೊತ್ತಾಗುತ್ತದೆ. ಹತ್ತಿರದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಈ ಪರೀಕ್ಷೆ ಮಾಡಿಕೊಡುವುದುಂಟು. ಕ್ಯೂರಿಂಗ್, ಅಂದರೆ ಕಾಂಕ್ರೀಟನ್ನು ಒದ್ದೆಯಾಗಿ ಇಡುವ ವಿಷಯದಲ್ಲಿ ಐಎಸ್ 456 ಎನ್ನುವ ರಾಷ್ಟ್ರೀಯ ಮಾನದಂಡ ಸ್ಪಷ್ಟವಾಗಿದೆ. ಮಾಮೂಲಿ ಓಪಿಸಿ ಸಿಮೆಂಟಿಗೆ ಕನಿಷ್ಠ 7 ದಿನ, ಈಗ ಹೆಚ್ಚಾಗಿ ಬಳಸುವ, ಹಾರುಬೂದಿ ಬೆರೆತ ಪಿಪಿಸಿಯಂಥ ಸಿಮೆಂಟಿಗೆ ಕನಿಷ್ಠ 10 ದಿನ ಒದ್ದೆಯಾಗಿಡಬೇಕು. ಒಣ ಬಿಸಿಲಿನ ಕಾಲದಲ್ಲಿ ಇನ್ನೂ ಜಾಸ್ತಿ. ಮೂರು ದಿನ ನೀರು ಹಾಕಿ ಬಿಟ್ಟರೆ ಮೇಲೆ ಬಿರುಕು ಬಿಡುತ್ತದೆ. ಆಮೇಲೆ ಸಿಮೆಂಟ್ ಸರಿ ಇರಲಿಲ್ಲ, ಎಂ-ಸ್ಯಾಂಡ್ ಸರಿ ಇರಲಿಲ್ಲ ಎಂದು ಮಾತು ಎಲ್ಲೆಲ್ಲೋ ಹೋಗುತ್ತದೆ. ನೀರು ಹಾಕುವುದು ಯಾರ ಕೆಲಸ ಎಂಬುದೇ ಬರೆದಿರುವುದಿಲ್ಲ! ಮನೆಯವರು ಹಾಕುತ್ತಾರೆ ಎಂದು ಮೇಸ್ತ್ರಿ, ಮೇಸ್ತ್ರಿ ಹಾಕಿಸುತ್ತಾರೆ ಎಂದು ಮನೆಯವರು.

ಕಾಂಟ್ರ್ಯಾಕ್ಟರ್ ಕಡೆಯ ಮಾತು

ಇಷ್ಟು ಹೊತ್ತು ಕಟ್ಟಿಸುವವರ ಕಡೆಯಿಂದ ಹೇಳಿದೆ. ಇನ್ನೊಂದು ಕಡೆಯೂ ಇದೆ. ಚಿಕ್ಕಪ್ಪನ ಮನೆಯಲ್ಲಿ ಅಡುಗೆಮನೆ ಕಟ್ಟೆ ಕಟ್ಟಿ ಆದ ಮೇಲೆ ಚಿಕ್ಕಮ್ಮ ಬಂದು ನೋಡಿದರು. ಕಿಟಕಿ ಕಡೆಗಿದ್ದರೆ ಬೆಳಕು ಚೆನ್ನಾಗಿರುತ್ತಿತ್ತು ಅಂದರು. ನ್ಯಾಯವಾದ ಮಾತೇ. ಕಾಂಟ್ರ್ಯಾಕ್ಟರ್ "ಆಯ್ತಮ್ಮ, ಮಾಡಿಸೋಣ" ಅಂದರು. ಕಟ್ಟೆ ಒಡೆದರು, ಸಿಂಕಿನ ಪೈಪು ಬದಲಿಸಿದರು, ಕರೆಂಟಿನ ಪಾಯಿಂಟು ಸರಿಸಿದರು. ಇಬ್ಬರು ಗಾರೆಯವರಿಗೆ ಮೂರು ದಿನದ ಕೂಲಿ ಹೋಯಿತು. ಇದಕ್ಕೆ ಎಷ್ಟು ಎಂದು ಆವತ್ತು ಯಾರೂ ಕೇಳಲಿಲ್ಲ. ಬಿಲ್ಲಿನಲ್ಲಿ ಬಂದಾಗ ಚಿಕ್ಕಪ್ಪನಿಗೆ ಕೋಪ ಬಂತು. ಆದರೆ ಆ ಕೂಲಿ ಕಾಂಟ್ರ್ಯಾಕ್ಟರ್ ಜೇಬಿನಿಂದ ಹೋಗಿತ್ತಲ್ವಾ?

ಮಾತಲ್ಲೇ ಹೇಳಿ ಮಾಡಿಸಿದ ಕೆಲಸಕ್ಕೂ ಕಾನೂನಿನಲ್ಲಿ ಬೆಲೆ ಇದೆ. 1872ರ ಕರಾರು ಕಾಯ್ದೆಯ 70ನೇ ಕಲಂ ಹೇಳುವುದು ಇದನ್ನೇ: ಪುಕ್ಕಟೆ ಮಾಡುವ ಉದ್ದೇಶವಿಲ್ಲದೆ ಒಬ್ಬರು ಮಾಡಿದ ನ್ಯಾಯವಾದ ಕೆಲಸದ ಲಾಭವನ್ನು ಇನ್ನೊಬ್ಬರು ಪಡೆದರೆ, ಅದಕ್ಕೆ ಪರಿಹಾರ ಕೊಡಬೇಕು. ಮಾಡಿದ ಕೆಲಸದ ದುಡ್ಡಿಗಾಗಿ ಕಾಂಟ್ರ್ಯಾಕ್ಟರ್ ಸಿವಿಲ್ ಕೋರ್ಟಿಗೆ ಹೋಗಲು, ಬೇರೆ ಗಡುವು ಗೊತ್ತಾಗಿರದಿದ್ದರೆ, ಕೆಲಸ ಆದ ದಿನದಿಂದ ಮೂರು ವರ್ಷ ಸಮಯ ಇರುತ್ತದೆ. ಆದರೆ ಸಣ್ಣ ಮೇಸ್ತ್ರಿಗೆ ಕೋರ್ಟಿಗೆ ಅಲೆಯುವ ಶಕ್ತಿ ಎಲ್ಲಿದೆ? ಗ್ರಾಹಕ ಆಯೋಗದ ಬಾಗಿಲು ಈ ಬಾಕಿಗೆ ಅವರಿಗೆ ತೆರೆಯುವುದಿಲ್ಲ, ಯಾಕೆಂದರೆ ಅವರು ಸೇವೆ ಕೊಡುವವರು, ಪಡೆಯುವವರಲ್ಲ. ಎಷ್ಟೋ ಮೇಸ್ತ್ರಿಗಳು ಕೊನೆಯ ಬಿಲ್ಲನ್ನು ಹಾಗೇ ಬಿಟ್ಟು ಮುಂದಿನ ಮನೆಗೆ ಹೋಗುತ್ತಾರೆ. ಇದು ನನಗೆ ಬಹಳ ಬೇಸರ ತರಿಸುವ ವಿಷಯ.

ತಡವಾದರೆ?

ಹತ್ತು ತಿಂಗಳಲ್ಲಿ ಮುಗಿಸಿಕೊಡುತ್ತೇನೆ ಎಂದವರು ಹದಿನಾರು ತಿಂಗಳು ಮಾಡಿದರು. ಬಾಡಿಗೆ ಮನೆಯ ಬಾಡಿಗೆ ಹೋಯಿತು, ಬ್ಯಾಂಕಿನ ಬಡ್ಡಿ ಹೋಯಿತು. ನಷ್ಟ ಕೇಳಬಹುದಾ? ಕೇಳಬಹುದು. ಕರಾರು ಕಾಯ್ದೆಯ 73 ಮತ್ತು 74ನೇ ಕಲಂಗಳು ಅದಕ್ಕೇ ಇವೆ. ಅಗ್ರಿಮೆಂಟಿನಲ್ಲಿ "ದಿನಕ್ಕೆ ಇಷ್ಟು ದಂಡ" ಎಂದು ಬರೆದಿದ್ದರೂ ಪೂರ್ತಿ ಸಿಗುತ್ತದೆ ಅಂತಿಲ್ಲ. ಬರೆದ ಮೊತ್ತ ಮೇಲಿನ ಮಿತಿ ಮಾತ್ರ. ಅದರೊಳಗೆ ನ್ಯಾಯವಾದಷ್ಟನ್ನು ಕೋರ್ಟ್ ಕೊಡುತ್ತದೆ.

ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿ 55ನೇ ಕಲಂನಲ್ಲಿದೆ. ಗಡುವೇ ಮುಖ್ಯ ಎಂದು ಒಪ್ಪಿಕೊಂಡ ಕರಾರಿನಲ್ಲಿ ಕೆಲಸ ತಡವಾಯಿತು ಎನ್ನಿ. ನೀವು ಏನೂ ಹೇಳದೆ ತಡವಾದ ಕೆಲಸವನ್ನೇ ಒಪ್ಪಿಕೊಂಡಿರಿ. ಆಮೇಲೆ ಆ ತಡಕ್ಕೆ ಪರಿಹಾರ ಕೇಳಲು ಆಗುವುದಿಲ್ಲ. ಒಪ್ಪಿಕೊಳ್ಳುವಾಗಲೇ "ಕೆಲಸ ತೆಗೆದುಕೊಳ್ಳುತ್ತೇನೆ, ಆದರೆ ತಡವಾಗಿದ್ದರ ನಷ್ಟ ಕೇಳುತ್ತೇನೆ" ಎಂದು ತಿಳಿಸಿರಬೇಕು. ನಾನಾದರೆ ಒಂದು ಪತ್ರದಲ್ಲೋ ಮೆಸೇಜಿನಲ್ಲೋ ಬರೆದೇ ತಿಳಿಸುತ್ತೇನೆ. ಬೀಗದ ಕೈ ತೆಗೆದುಕೊಳ್ಳುವ ಖುಷಿಯಲ್ಲಿ ಇದನ್ನು ಮರೆಯುವವರೇ ಜಾಸ್ತಿ.

ಒಂದು ಮಾತಿಗೆ ಹನ್ನೆರಡು ವರ್ಷ

ಇದೆಲ್ಲ ಸಣ್ಣ ಮನೆಗಳ ಗೋಳು, ದೊಡ್ಡ ಕಂಪನಿಗಳು ಎಲ್ಲ ಸರಿಯಾಗಿ ಬರೆದುಕೊಂಡಿರುತ್ತವೆ ಅಂದುಕೊಳ್ಳಬೇಡಿ. ದೆಹಲಿಯ ಏರ್‌ಪೋರ್ಟ್ ಮೆಟ್ರೋ ಕಥೆ ಕೇಳಿ. ದೆಹಲಿ ಮೆಟ್ರೋ ನಿಗಮ ಸಿವಿಲ್ ಕಟ್ಟಡ ಕಟ್ಟಿಕೊಟ್ಟಿತ್ತು. ರಿಲಯನ್ಸ್ ಇನ್‌ಫ್ರಾಸ್ಟ್ರಕ್ಚರ್ ಮುಂದಾಳತ್ವದ ಕಂಪನಿಯೊಂದು ರೈಲು ಓಡಿಸಬೇಕಿತ್ತು. 2008ರಲ್ಲಿ ಒಪ್ಪಂದ ಆಯಿತು. 2012ರಲ್ಲಿ ಮೇಲ್ಸೇತುವೆಯಲ್ಲಿ ದೋಷಗಳಿವೆ ಎಂದು ಕಂಪನಿ ರೈಲು ನಿಲ್ಲಿಸಿತು. 90 ದಿನದಲ್ಲಿ ಸರಿಪಡಿಸಿ ಎಂದು ನೋಟಿಸ್ ಕೊಟ್ಟು, ಸರಿಯಾಗಲಿಲ್ಲ ಎಂದು ಒಪ್ಪಂದವನ್ನೇ ಮುರಿಯಿತು. ಜಗಳ ಕೋರ್ಟಿನ ಬದಲು ಇಬ್ಬರೂ ಒಪ್ಪಿದವರು ಕೂತು ತೀರ್ಪು ಕೊಡುವ ಆರ್ಬಿಟ್ರೇಷನ್‌ಗೆ ಹೋಯಿತು. 2017ರಲ್ಲಿ ಕಂಪನಿಯ ಪರ ತೀರ್ಪು ಬಂತು, ಸುಮಾರು 2,782 ಕೋಟಿ ರೂಪಾಯಿ ಮತ್ತು ಬಡ್ಡಿ. 2021ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2024ರ ಏಪ್ರಿಲ್ 10ರಂದು ಅದೇ ಸುಪ್ರೀಂ ಕೋರ್ಟ್, ಕ್ಯುರೇಟಿವ್ ಅರ್ಜಿಯ (ಅಂತಿಮ ತೀರ್ಪಿನಲ್ಲೂ ತಪ್ಪಿದೆ, ತಿದ್ದಿ ಎಂದು ಕೇಳುವ ಕೊನೆಯ ಅರ್ಜಿ) ಮೇಲೆ, ಆ ತೀರ್ಪನ್ನು ರದ್ದು ಮಾಡಿತು.

ಎಲ್ಲ ನಿಂತಿದ್ದು ಯಾವುದರ ಮೇಲೆ? ಒಪ್ಪಂದದಲ್ಲಿ ಇದ್ದಿದ್ದು ದೋಷವನ್ನು 90 ದಿನದಲ್ಲಿ ಸರಿಪಡಿಸದಿದ್ದರೆ, "ಅಥವಾ ಸರಿಪಡಿಸಲು ಪರಿಣಾಮಕಾರಿ ಕ್ರಮ ತೆಗೆದುಕೊಳ್ಳದಿದ್ದರೆ" ಎಂದು. ಪೂರ್ತಿ ಸರಿಪಡಿಸಿರಬೇಕಾ, ಸರಿಪಡಿಸುವ ಹೆಜ್ಜೆ ಇಟ್ಟಿದ್ದರೆ ಸಾಕಾ? ಆರ್ಬಿಟ್ರೇಟರುಗಳು ಈ ಎರಡನೇ ತುಂಡನ್ನು ಸರಿಯಾಗಿ ನೋಡಲಿಲ್ಲ, ರೈಲು ಓಡಿಸಬಹುದು ಎಂದು ಮೆಟ್ರೋ ರೈಲು ಸುರಕ್ಷತಾ ಆಯುಕ್ತರು ಕೊಟ್ಟ ಪ್ರಮಾಣಪತ್ರವನ್ನೂ ಕಡೆಗಣಿಸಿದರು ಎಂದಿತು ಕೋರ್ಟ್. ಚಿಕ್ಕಪ್ಪನ ಜಗಳ "ಚದರ" ಎನ್ನುವ ಒಂದು ಪದದ ಮೇಲಿತ್ತು. ಇಲ್ಲಿ ಬರೆದ ಮಾತನ್ನೇ ಇಬ್ಬರು ಎರಡು ರೀತಿ ಓದಿದರು.

ಜಗಳ ಬಂದಾಯ್ತು, ಈಗೇನು?

ಮೊದಲ ಕೆಲಸ ಟೇಪು ಹಿಡಿಯುವುದು. ವಕೀಲರ ನೋಟಿಸ್ ಆಮೇಲೆ. ಇಬ್ಬರೂ ಎದುರಿಗಿದ್ದು ಅಳೆದು, ಅಳತೆಯ ಹಾಳೆಗೆ ಇಬ್ಬರೂ ಸಹಿ ಹಾಕಬೇಕು. ಯಾವ ಅಳತೆ ಒಪ್ಪಿಗೆ, ಯಾವುದಕ್ಕೆ ತಕರಾರು ಎಂದು ಬೇರೆ ಬೇರೆ ಬರೆಯಬೇಕು. ಸರ್ಕಾರಿ ಕೆಲಸದಲ್ಲಿ ಎಂ-ಬುಕ್ ಎಂದು ಒಂದು ಪುಸ್ತಕ ಇರುವುದು ಇದಕ್ಕೇ. ಅದರಲ್ಲಿ ಅಳತೆ ಏರದೆ ಬಿಲ್ ಆಗುವುದಿಲ್ಲ. ಅಳತೆ ಮುಗಿದಾಗ ಹತ್ತು ತಕರಾರಿನಲ್ಲಿ ಏಳು ತಾವಾಗಿಯೇ ಬಿದ್ದುಹೋಗುವುದನ್ನು ನೋಡಿದ್ದೇನೆ. ಇಬ್ಬರಿಗೂ ಗುರುತಿಲ್ಲದ ಒಬ್ಬ ಸಿವಿಲ್ ಎಂಜಿನಿಯರನ್ನು ಕರೆದು, ಫೀಸನ್ನು ಇಬ್ಬರೂ ಅರ್ಧರ್ಧ ಕೊಟ್ಟು ವರದಿ ಬರೆಸಿಕೊಂಡರೆ ಇನ್ನೂ ಒಳ್ಳೆಯದು. ಮುಂದೆ ಎಲ್ಲಿಗೆ ಹೋದರೂ ಆ ವರದಿ ಬೇಕಾಗುತ್ತದೆ. ಕೋಪದಲ್ಲಿ ಬೇರೆ ಮೇಸ್ತ್ರಿಯನ್ನು ಕರೆಸಿ ಒಡೆದು ಸರಿಮಾಡಿಸಿಬಿಟ್ಟರೆ ನಿಮ್ಮ ಸಾಕ್ಷಿಯೂ ಅದರ ಜೊತೆಗೇ ಹೋಗುತ್ತದೆ.

ಇಷ್ಟಕ್ಕೂ ಮುಗಿಯದಿದ್ದರೆ ಜಿಲ್ಲಾ ಕೋರ್ಟಿನ ಆವರಣದಲ್ಲೇ ಇರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಕೇಸು ಹಾಕುವ ಮೊದಲೇ ಅಲ್ಲಿ ಅರ್ಜಿ ಕೊಡಬಹುದು. ಅವರು ಎರಡೂ ಕಡೆಯವರನ್ನು ಕರೆಸಿ ಕೂರಿಸುತ್ತಾರೆ. ಒಪ್ಪಂದವಾಗಿ ಲೋಕ ಅದಾಲತ್ತಿನಲ್ಲಿ ದಾಖಲಾದರೆ ಅದಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬೆಲೆ, ಮೇಲ್ಮನವಿ ಇಲ್ಲ. ಇಷ್ಟು ಅಗ್ಗದ ದಾರಿಯನ್ನು ಇಷ್ಟು ಕಡಿಮೆ ಜನ ಹಿಡಿಯುವುದು ಯಾಕೋ ತಿಳಿಯದು.

ನಂತರದ್ದು ಗ್ರಾಹಕ ಆಯೋಗ. ಮನೆ ಕಟ್ಟಿಕೊಡುವುದೂ ಒಂದು ಸೇವೆ ಎಂದು ಸುಪ್ರೀಂ ಕೋರ್ಟ್ 1993ರಲ್ಲೇ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಹೇಳಿತು. ಈಗಿರುವ 2019ರ ಕಾಯ್ದೆಯಲ್ಲೂ ಇದು ಸೇರಿದೆ. ನೀವು ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗ, 2 ಕೋಟಿಯವರೆಗೆ ರಾಜ್ಯ ಆಯೋಗ, ಅದಕ್ಕೂ ಮೇಲಿದ್ದರೆ ರಾಷ್ಟ್ರೀಯ ಆಯೋಗ. 20ರಿಂದ 50 ಲಕ್ಷದವರೆಗಿನ ದೂರಿಗೆ ಶುಲ್ಕ ಬರೀ 1,000 ರೂಪಾಯಿ. ವಕೀಲರಿಲ್ಲದೆಯೂ ವಾದಿಸಬಹುದು, ಇ-ಜಾಗೃತಿ ಪೋರ್ಟಲಿನಲ್ಲಿ ದೂರು ಸಲ್ಲಿಸಬಹುದು. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಹೋಗಬೇಕು, ಇದನ್ನು ಮರೆಯಬೇಡಿ. ಮೂರರಿಂದ ಐದು ತಿಂಗಳಲ್ಲಿ ತೀರ್ಮಾನವಾಗಬೇಕು ಎಂದು ಕಾಯ್ದೆ ಹೇಳುತ್ತದೆ, ನಡೆಯುವುದು ಅದಕ್ಕಿಂತ ನಿಧಾನವಾಗಿ. ಸೋರುವ ತಾರಸಿ, ಅರ್ಧಕ್ಕೆ ಬಿಟ್ಟ ಕೆಲಸ, ಕಳಪೆ ಕಂಬಿ ಇಂಥದ್ದಕ್ಕೆ ಈ ದಾರಿ ಚೆನ್ನಾಗಿದೆ. ಗೋಜಲಾದ ಲೆಕ್ಕಾಚಾರದ ಜಗಳವಾದರೆ ಸಿವಿಲ್ ಕೋರ್ಟಿಗೆ ಹೋಗಿ ಎಂದು ಕಳಿಸುವುದೂ ಉಂಟು.

ಅಪಾರ್ಟ್‌ಮೆಂಟ್ ಕೊಂಡವರ ದಾರಿ ಬೇರೆ. ಅವರಿಗೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಇದೆ. ಇಲ್ಲಿ ತುಂಬ ಜನ ಗೊಂದಲ ಮಾಡಿಕೊಳ್ಳುತ್ತಾರೆ. ನಿಮ್ಮ ಸ್ವಂತ ಸೈಟಿನಲ್ಲಿ ಕಾಂಟ್ರ್ಯಾಕ್ಟರ್ ಕಟ್ಟಿಕೊಡುವ ಮನೆಗೆ ರೇರಾ ಬರುವುದಿಲ್ಲ. ಅದು ಇರುವುದು ಬಿಲ್ಡರ್ ಕಟ್ಟಿ ಮಾರುವಂಥ ಪ್ರಾಜೆಕ್ಟುಗಳಿಗೆ. 2016ರ ಈ ಕಾಯ್ದೆಯ ಪ್ರಕಾರ ನೋಂದಾಯಿತ ಅಗ್ರಿಮೆಂಟ್ ಇಲ್ಲದೆ ಬಿಲ್ಡರ್ ಶೇ 10ಕ್ಕಿಂತ ಜಾಸ್ತಿ ಅಡ್ವಾನ್ಸ್ ತೆಗೆದುಕೊಳ್ಳುವಂತಿಲ್ಲ. ಹೇಳಿದ ದಿನಕ್ಕೆ ಮನೆ ಕೊಡದಿದ್ದರೆ ದುಡ್ಡು ಬಡ್ಡಿ ಸಮೇತ ವಾಪಸ್ ಕೇಳಬಹುದು, ಇಲ್ಲವೇ ಮನೆ ಸಿಗುವವರೆಗೆ ತಿಂಗಳು ತಿಂಗಳು ಬಡ್ಡಿ ಕೇಳಬಹುದು. ಮನೆ ಕೈಗೆ ಬಂದ ಐದು ವರ್ಷದೊಳಗೆ ಕಟ್ಟಡದ ದೋಷ ಕಂಡರೆ, ತಿಳಿಸಿದ 30 ದಿನದಲ್ಲಿ ಬಿಲ್ಡರ್ ಸ್ವಂತ ಖರ್ಚಿನಲ್ಲಿ ಸರಿಮಾಡಿಕೊಡಬೇಕು. ಬಿಲ್ಡರ್ ಕಡೆಗೇ ವಾಲಿರುವ ಅಗ್ರಿಮೆಂಟಿಗೆ ಕೊಂಡವರನ್ನು ಕಟ್ಟಿಹಾಕಲು ಆಗುವುದಿಲ್ಲ ಎಂದು 2019ರಲ್ಲಿ ಪಯೋನಿಯರ್ ಅರ್ಬನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಆದೇಶ ಸಿಗುವುದು ಒಂದು, ದುಡ್ಡು ಕೈಗೆ ಬರುವುದು ಇನ್ನೊಂದು. ರೇರಾ ಆದೇಶದ ಹಣವನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಬೇಕು. ಆದೇಶದ ಪ್ರತಿ ಹಿಡಿದುಕೊಂಡು ಕಂದಾಯ ಕಚೇರಿಗೆ ಅಲೆಯುವವರು ನಮ್ಮಲ್ಲಿ ತುಂಬ ಜನ ಇದ್ದಾರೆ. ಇದು ಸರಿಯಾಗಲೇಬೇಕು.

ಆರ್ಬಿಟ್ರೇಷನ್ ಹೆಸರು ಕೇಳಿದ್ದೀರಿ. ಕೋರ್ಟಿನ ಬದಲು ಇಬ್ಬರೂ ಒಪ್ಪಿದ ವ್ಯಕ್ತಿ ಕೂತು ತೀರ್ಮಾನ ಕೊಡುವುದು. ಎದುರು ಬದುರು ಕೂರಿಸಿ ರಾಜಿ ಮಾಡಿಸುವ ಮೀಡಿಯೇಷನ್ ಅಲ್ಲ ಇದು. ಇಲ್ಲಿ ತೀರ್ಪು ಬರುತ್ತದೆ, ಅದಕ್ಕೆ ಬದ್ಧರಾಗಬೇಕು. ಆರ್ಬಿಟ್ರೇಟರ್ ಫೀಸು, ವಕೀಲರ ಫೀಸು ಸೇರಿದರೆ 30 ಲಕ್ಷದ ಮನೆಗೆ ಇದು ಭಾರಿ ಖರ್ಚಿನ ದಾರಿ. ದೊಡ್ಡ ಕಾಮಗಾರಿಗಳಿಗೆ ಸರಿ. ಅಗ್ರಿಮೆಂಟಿನಲ್ಲಿ "ನಮ್ಮ ಕಂಪನಿ ನೇಮಿಸಿದವರೇ ಆರ್ಬಿಟ್ರೇಟರ್" ಎಂದು ಬರೆದಿದ್ದರೆ ಹೆದರಬೇಡಿ. ಒಂದೇ ಕಡೆಯವರು ಏಕೈಕ ಆರ್ಬಿಟ್ರೇಟರನ್ನು ನೇಮಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತ್ತು. 2024ರ ನವೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಗಟ್ಟಿಮಾಡಿತು. ಆರ್ಬಿಟ್ರೇಷನ್ ಷರತ್ತು ಇದ್ದರೂ ಗ್ರಾಹಕರು ಗ್ರಾಹಕ ಆಯೋಗಕ್ಕೆ ಹೋಗಬಹುದು ಎನ್ನುವುದೂ 2018ರಲ್ಲಿ ಎಮಾರ್ ಎಂಜಿಎಫ್ ಪ್ರಕರಣದಲ್ಲಿ ತೀರ್ಮಾನವಾಗಿದೆ.

ಚಿಕ್ಕಪ್ಪನ ಮನೆ

ನಾಲ್ಕು ತಿಂಗಳು ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಇಬ್ಬರನ್ನೂ ಕೂರಿಸಿದೆವು. ಭದ್ರಾವತಿಯಿಂದ ಒಬ್ಬ ಹಿರಿಯ ಎಂಜಿನಿಯರ್ ಬಂದಿದ್ದರು. ಇಬ್ಬರಿಗೂ ಹೊಸಬರು. ಟೇಪಿನ ಒಂದು ತುದಿ ಚಿಕ್ಕಪ್ಪನ ಕೈಯಲ್ಲಿ, ಇನ್ನೊಂದು ತುದಿ ಕಾಂಟ್ರ್ಯಾಕ್ಟರ್ ಕೈಯಲ್ಲಿ. ಹಾಗೆ ಕೊಟ್ಟಿದ್ದು ಎಂಜಿನಿಯರೇ. ಎರಡು ಗಂಟೆ ಅಳೆದರು. ಪೋರ್ಟಿಕೋಗೆ ಕಂಬ, ಸ್ಲ್ಯಾಬು, ನೆಲ ಎಲ್ಲ ಇದೆ, ಪೂರ್ತಿ ಹಿಡಿಯೋಣ ಎಂದರು. ಬಾಲ್ಕನಿ, ಹೆಡ್‌ರೂಮ್ ಅರ್ಧ. 14.8ಕ್ಕೆ 1.2 ಸೇರಿತು, ಮತ್ತೆ 0.3, ಮತ್ತೆ 0.6. ಒಟ್ಟು 16.9 ಚದರ, 33 ಲಕ್ಷದ 80 ಸಾವಿರ. ಪಾಯದ ಹೆಚ್ಚಿನ ಖರ್ಚನ್ನು ಇಬ್ಬರೂ ಅರ್ಧರ್ಧ ಹೊತ್ತರು. ಅಡುಗೆಮನೆ ಕಟ್ಟೆಯ ಕೂಲಿಯನ್ನು ಚಿಕ್ಕಮ್ಮ ತಾವೇ ಒಳಗಿನಿಂದ ತಂದು ಮೇಜಿನ ಮೇಲಿಟ್ಟರು.

ತಾರಸಿಯ ಮೂಲೆಯಲ್ಲಿ ಒಂದು ಕಡೆ ತೇವ ಕಾಣುತ್ತಿತ್ತು. ಅದಕ್ಕೆ 30 ಸಾವಿರ ಹಿಡಿದಿಟ್ಟು, ಮಳೆಗಾಲ ಕಳೆದ ಮೇಲೆ ಕೊಡುವುದು ಎಂದು ಬರೆದು ಇಬ್ಬರೂ ಸಹಿ ಹಾಕಿದರು. ಕಾಂಟ್ರ್ಯಾಕ್ಟರ್ ಮೇ ತಿಂಗಳಲ್ಲಿ ಆ ಮೂಲೆಗೆ ವಾಟರ್‌ಪ್ರೂಫಿಂಗ್ ಮಾಡಿಸಿದರು. ಆ ವರ್ಷ ಶಿವಮೊಗ್ಗದಲ್ಲಿ ಆಷಾಢದ ಮಳೆ ವಾರಗಟ್ಟಲೆ ಬಿಡದೆ ಹೊಡೆಯಿತು. ಚಿಕ್ಕಪ್ಪ ದಿನಾ ಬೆಳಿಗ್ಗೆ ಮೇಲೆ ಹತ್ತಿ, ಆ ಮೂಲೆಯ ಕೆಳಗಿನ ಗೋಡೆಯ ಮೇಲೆ ಅಂಗೈ ಇಟ್ಟು ನೋಡುತ್ತಿದ್ದರು. ದಸರಾಕ್ಕೆ ಮೊದಲು ಫೋನ್ ಮಾಡಿ, "ಗೋಡೆ ಒಣಗಿದೆ, ಬಂದು ದುಡ್ಡು ತಗೊಂಡು ಹೋಗಿ" ಎಂದರು.